ಸೂಪಿನಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೇಲಿ ಓದುಗರೊಬ್ಬರು ಬರೆದಿದ್ದು ಓದಿದೆ. ಬೆಂಗಳೂರಲ್ಲಿ ಬೀದಿಗೊಂದು ಕೆಫೆ ಆಗಿದೆ, ಕೊರಿಯಾ ಊಟ, ಜಪಾನ್ ಊಟ, ಥಾಯ್ ಊಟ ಅಂತ ಬಂದು ನಮ್ಮ ಇಡ್ಲಿ ಸಾಂಬಾರ್ ಹೋಟೆಲುಗಳಿಗೆ ಕುತ್ತು ತಂದಿವೆ, ಹುಡುಗರ ಸಂಬಳ ಎಲ್ಲ ಅಲ್ಲಿಗೇ ಸುರೀತಿದೆ ಅಂತ. ಅವರ ಸಂಕಟ ಅರ್ಥ ಆಗುತ್ತೆ, ಆದ್ರೆ ನಾನು ಒಪ್ಪಲ್ಲ. ನನಗೀಗ 61 ವರ್ಷ, ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟು ರಿಟೈರ್ ಆಗಿದೀನಿ, ಬೆಳಗಿನ ದೋಸೆ ನಾನೂ ಬಿಟ್ಟಿಲ್ಲ, ಆ ಹೊಸ ಹೋಟೆಲುಗಳಿಗೂ ನಾನು ಹೋಗ್ತೀನಿ, ಇಷ್ಟಪಟ್ಟೇ ಹೋಗ್ತೀನಿ. ನನ್ನ ದೂರು ಬೇರೇನೇ ಇದೆ, ಊಟಕ್ಕೆ ಏನೇನು ಹಾಕಿದಾರೆ ಅಂತ ಅಲ್ಲಿ ಸರಿಯಾಗಿ ಹೇಳಲ್ಲ, ಕನ್ನಡದಲ್ಲಂತೂ ಹೇಳೋದೇ ಇಲ್ಲ, ಅದನ್ನ ಹೇಳೋಕೇ ಈ ಕಾಗದ.

ನಾನು, ನನ್ನ ತಂಗಿ, ಅವಳ ಮಗಳು, ಮೂರು ಜನ ಸೇರಿ ತಿಂಗಳ ಎರಡನೇ ಶನಿವಾರ ಇದುವರೆಗೆ ಹೋಗದೇ ಇರೋ ಒಂದು ಜಾಗಕ್ಕೆ ಹೋಗಬೇಕು ಅಂತ ಎರಡು ವರ್ಷದ ಹಿಂದೆ ಮಾತು ಮಾಡ್ಕೊಂಡ್ವಿ. ಹುಡುಗಿ ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ "ದೊಡ್ಡಮ್ಮ, ನೀವು ಎಲ್ಲಿಗೆ ಕರ್ಕೊಂಡೋಗು ಅಂತೀರೋ ಅಲ್ಲಿಗೆ" ಅಂದಿದ್ದಳು, ನಾನು ಇಂದಿರಾನಗರದಲ್ಲಿ ಬರ್ಮಾ ಊಟ ಸಿಗುತ್ತಂತಲ್ಲ ಅಲ್ಲಿಗೆ ಅಂದೆ, ಅಲ್ಲಿಂದ ಶುರು ಆಗಿದ್ದು. ಹನುಮಂತನಗರದಿಂದ ನ್ಯಾಷನಲ್ ಕಾಲೇಜ್ ಸ್ಟೇಷನ್‌ಗೆ ಬಂದು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿ ಇಂದಿರಾನಗರಕ್ಕೆ ಹೋಗ್ತೀವಿ, ಕೋರಮಂಗಲ ಆದ್ರೆ ಬಸ್ಸು. 2023ರಿಂದ ಹೆಂಗಸರಿಗೆ ಬಿಎಂಟಿಸಿ ಟಿಕೆಟ್ ದುಡ್ಡು ಇಲ್ಲದ್ದು ನಮಗೆ ನಿಜಕ್ಕೂ ಅನುಕೂಲ ಆಗಿದೆ, ಉಳಿದ ದುಡ್ಡಿಗೆ ಒಂದು ಪ್ಲೇಟ್ ಜಾಸ್ತಿ ತರಿಸ್ತೀವಿ.

ಹೊಸ ಊಟ ಈ ಊರಿಗೆ ಬಂದಿದ್ದು ಇದೇ ಮೊದಲಲ್ಲ. 1924ರಲ್ಲಿ ಎಂಟಿಆರ್ ಶುರುವಾದಾಗ, 1943ರಲ್ಲಿ ಗಾಂಧಿ ಬಜಾರಲ್ಲಿ ವಿದ್ಯಾರ್ಥಿ ಭವನ ಶುರುವಾದಾಗ ಹೋಟೆಲಲ್ಲಿ ಕೂತು ತಿನ್ನೋದೇ ಎಷ್ಟೋ ಮನೆಗಳಲ್ಲಿ ತಪ್ಪು. ನಿಂತ್ಕೊಂಡು ತಿನ್ನೋ ದರ್ಶಿನಿಗಳು 80ರ ದಶಕದಲ್ಲಿ ಬಂದಾಗ ಇದೇನು ಕುದುರೆ ಥರ ನಿಂತು ತಿನ್ನೋದು ಅಂತ ನಮ್ಮ ಮಾವನವರೇ ಅಂತಿದ್ರು, ಈಗ ಅದೇ ನಮ್ಮ ಹಳೇ ಪದ್ಧತಿ ಆಗಿದೆ. 1996ರಲ್ಲಿ ಬ್ರಿಗೇಡ್ ರೋಡಲ್ಲಿ ಮೊದಲ ಕೆಫೆ ಕಾಫಿ ಡೇ ಬಂತು. ಇನ್ನೊಂದು ಮಾತು. ರವೆ ಇಡ್ಲಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಹೋದಾಗ ಅಂತ ಎಂಟಿಆರ್‌ನವರು ಹೇಳ್ತಾರೆ. ಆ ಅಕ್ಕಿ ಯಾಕೆ ಸಿಗಲಿಲ್ಲ ಅಂದ್ರೆ 1942ರಲ್ಲಿ ಜಪಾನ್ ಸೈನ್ಯ ಬರ್ಮಾನ ಹಿಡ್ಕೊಂಡಿತ್ತು, ಅಲ್ಲಿಂದ ನಮ್ಮ ದೇಶಕ್ಕೆ ಬರ್ತಿದ್ದ ಅಕ್ಕಿ ನಿಂತುಹೋಯ್ತು. ಬರ್ಮಾದ ಊಟ ನಮಗೆ ಸಂಬಂಧ ಇಲ್ಲದ್ದು ಅನ್ನೋರು ರವೆ ಇಡ್ಲಿ ತಿನ್ನೋವಾಗ ಇದನ್ನ ಒಂದ್ಸಲ ನೆನೆಸ್ಕೋಬೇಕು.

ನಾನು ಶಿರಸಿ ಕಡೆಯವಳು. ಈ ಏಷ್ಯಾದ ಊಟದಲ್ಲಿ ನನಗೆ ಎಷ್ಟು ಗುರುತಿನ ರುಚಿ ಸಿಕ್ಕಿದೆ ಅಂದ್ರೆ ಕೆಲವು ಸಲ ಕಣ್ಣಲ್ಲಿ ನೀರು ಬಂದಿದೆ. ಥಾಯ್ ಕರಿಯಲ್ಲಿ ತೆಳ್ಳಗೆ ಹೆಚ್ಚಿ ಹಾಕಿರ್ತಾರಲ್ಲ ಅದು ಕಳಲೆ, ನಮ್ಮೂರಲ್ಲಿ ಮಳೆಗಾಲಕ್ಕೆ ಬಿದಿರು ಮೊಳಕೆ ತಂದು ಹೆಚ್ಚಿ ದಿನಾ ನೀರು ಬದಲಾಯಿಸ್ತಾ ಎರಡು ಮೂರು ದಿನ ನೆನೆಸಿಟ್ಟು ಆಮೇಲೆ ಪಲ್ಯ ಮಾಡೋರು, ಹಾಗೆ ಮಾಡದಿದ್ರೆ ಕಹಿ, ಹೊಟ್ಟೆಗೂ ಒಳ್ಳೇದಲ್ಲ. ಹೋಟೆಲಲ್ಲಿ ಡಬ್ಬಿ ಕಳಲೆ ಹಾಕಿದ್ರೆ ಬಾಯಿಗೆ ಇಟ್ಟ ಕೂಡಲೇ ಗೊತ್ತಾಗುತ್ತೆ, ತಗಡಿನ ವಾಸನೆ. ಬರ್ಮಾದವರ ತೆಂಗಿನಹಾಲಿನ ನೂಡಲ್ಸ್ ತಿಂದಾಗ ನನಗೆ ನೆನಪಾಗಿದ್ದು ಒತ್ತು ಶಾವಿಗೆಗೆ ಕಾಯಿಹಾಲು ಹಾಕ್ಕೊಂಡು ತಿಂತಿದ್ದದ್ದು, ಬೆಲ್ಲದ ಬದಲು ಅವರು ಖಾರ ಹಾಕಿದಾರೆ ಅಷ್ಟೆ. ಅವರ ಮೊಹಿಂಗಾ ಅನ್ನೋ ಸಾರಿಗೆ ಬಾಳೆದಿಂಡು ಹಾಕ್ತಾರೆ. ಮೂಲದಲ್ಲಿ ಅದು ಮೀನಿನ ಸಾರು, ಆದ್ರೆ ಬರ್ಮಾ ಬರ್ಮಾ ಅನ್ನೋ ಆ ಹೋಟೆಲ್ ಪೂರ್ತಿ ಸಸ್ಯಾಹಾರಿ, ಹಾಗಾಗಿ ಅಲ್ಲಿ ನಾವು ಯಾವ ಪ್ರಶ್ನೆನೂ ಕೇಳದೇ ತಿಂದ್ವಿ, ಹುದುಗಿಸಿದ ಚಹಾ ಎಲೆಯ ಸಲಾಡನ್ನ ತಂಗಿ ಎರಡು ಸಲ ತರಿಸಿದ್ಲು.

ಚೀನಾದ ಸಿಚುವಾನ್ ಮೆಣಸು ಅಂತ ಒಂದಿದೆ, ತಿಂದ್ರೆ ನಾಲಿಗೆ ಜುಮ್ಮ್ ಅನ್ನುತ್ತೆ. ಅದನ್ನ ಮೊದಲನೇ ಸಲ ಕಚ್ಚಿದಾಗ ನಾನು ಕೂತಲ್ಲೇ "ಇದು ಜುಮ್ಮನಕಾಯಿ ಕಣೇ" ಅಂತ ಕೂಗಿದೆ. ಕುಮಟಾ ಹೊನ್ನಾವರ ಕಡೆ ಅಡುಗೆಗೆ ಹಾಕ್ತಾರೆ, ಕೊಂಕಣಿಯವರು ತೆಪ್ಪಳ್ ಅಂತಾರೆ. ಮನೆಗೆ ಬಂದು ಹುಡುಗಿ ಫೋನಲ್ಲಿ ನೋಡಿದ್ರೆ ಹೌದು, ಎರಡೂ ಒಂದೇ ಕುಲದ ಗಿಡಗಳು. ಮಜ್ಜಿಗೆಹುಲ್ಲು ನಮ್ಮ ಹಿತ್ತಲಲ್ಲಿ ಕಷಾಯಕ್ಕೆ ಬೆಳೀತಿತ್ತು, ಇಲ್ಲಿ ಥಾಯ್ ಸೂಪಿನಲ್ಲಿ ಸಿಗುತ್ತೆ. ಆವಿಯಲ್ಲಿ ಬೇಯಿಸಿದ ಅವರ ಡಿಮ್‌ಸಮ್ ನೋಡಿ ನಮ್ಮ ಕಡುಬು ನೆನಪಾಗದೇ ಇರೋಕೆ ಹೇಗೆ ಸಾಧ್ಯ. ವಿಯೆಟ್ನಾಂ ಕಾಫಿ ಒಂದ್ಸಲ ಕುಡಿದು ನೋಡಿ, ಲೋಟದ ಮೇಲೆ ಸಣ್ಣ ಫಿಲ್ಟರ್ ಇಟ್ಟು ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಸ್ತಾರೆ, ರೊಬಸ್ಟಾ ಬೀಜ, ನಮ್ಮ ಮನೆ ಹಿತ್ತಾಳೆ ಫಿಲ್ಟರಿನ ತಮ್ಮನ ಥರ ಇದೆ, ಹಾಲಿನ ಬದಲು ಗಟ್ಟಿ ಸಿಹಿ ಹಾಲು ಹಾಕ್ತಾರೆ. ಇದನ್ನೆಲ್ಲ ಪರದೇಶದ ಊಟ ಅಂತ ದೂರ ಇಡೋಕೆ ನನ್ನಿಂದ ಆಗಲ್ಲ.

ಹಾಗೆ ನೋಡಿದ್ರೆ ನನ್ನ ಮೊದಲ ಏಷ್ಯನ್ ಊಟ ಬೆಂಗಳೂರಲ್ಲಿ ಆಗಿದ್ದೇ ಅಲ್ಲ. ಮುಂಡಗೋಡದಲ್ಲಿ ಟಿಬೆಟಿನವರ ಕ್ಯಾಂಪ್ ಇದೆ, 1966ರಿಂದ ಇದಾರೆ ಅಲ್ಲಿ, ನಮ್ಮ ಕಡೆ ಎಲ್ಲರಿಗೂ ಗೊತ್ತು. 1983ರಲ್ಲಿ ನಾನು ಕಾಲೇಜು ಓದ್ತಿದ್ದಾಗ ಅಣ್ಣನ ಜೊತೆ ಬಸ್ಸಲ್ಲಿ ಹೋಗಿದ್ದೆ, ಅವನಿಗೆ ಸ್ವೆಟರ್ ತಗೋಬೇಕಿತ್ತು. ಮಧ್ಯಾಹ್ನ ಹಸಿವಾಗಿ ಒಂದು ಸಣ್ಣ ತಗಡಿನ ಹೋಟೆಲಿಗೆ ಹೋದ್ವಿ, ಒಬ್ಬ ಟಿಬೆಟಿನ ಅಮ್ಮ ಒಲೆ ಮುಂದೆ ಕೂತಿದ್ರು. ಥುಕ್ಪಾ ಅನ್ನೋ ಅವರ ನೂಡಲ್ಸ್ ಸೂಪು ಕುದೀತಿತ್ತು, ಮೇಲೆ ಬರೀ ಎಲೆಕೋಸು ಗಜ್ಜರಿ ತೇಲ್ತಿತ್ತು, ನಾನು ಅದನ್ನೇ ತೋರಿಸಿ ಕೊಡಿ ಅಂದೆ. ಆಯಮ್ಮ ನನ್ನ ಮುಖ ನೋಡಿ "ತಂಗಿ, ಅದು ನಿಮಗ ಬ್ಯಾಡ, ಎಲುಬಿನ ನೀರು ಐತಿ ಅದ್ರಾಗ" ಅಂದ್ರು. ಹುಬ್ಬಳ್ಳಿ ಕನ್ನಡ, ಸ್ವಚ್ಛವಾಗಿ. ನಾನು ಏನೂ ಕೇಳಿರಲಿಲ್ಲ, ಅವರೇ ಹೇಳಿದ್ರು. ಆಮೇಲೆ ಬೇರೆ ಪಾತ್ರೆ ತೊಳೆದು ಬಿಸಿನೀರಿಟ್ಟು ಈರುಳ್ಳಿ ತರಕಾರಿ ಹಾಕಿ ಕೈಯಲ್ಲಿ ಎಳೆದ ನೂಡಲ್ಸ್ ಬೇಯಿಸಿ ಕೊಟ್ರು, ಕಾಲು ಗಂಟೆ ಕಾದ್ವಿ. ನಾಲ್ಕು ದಶಕ ದಾಟಿದ್ರೂ ಆ ಮಾತು ನನ್ನ ಕಿವಿಯಲ್ಲಿದೆ.

ಈಗ ನನ್ನ ದೂರು. ಹೋದ ತಿಂಗಳು ಇಲ್ಲಿನ ಒಂದು ಹೊಸ ಏಷ್ಯನ್ ರೆಸ್ಟೋರೆಂಟಿಗೆ ಹೋಗಿದ್ವಿ, ಹೆಸರು ಬೇಡ, ಯಾಕಂದ್ರೆ ಇದು ಒಂದು ಹೋಟೆಲಿನ ಕಥೆ ಅಲ್ಲ. ನಮ್ಮ ಮನೇಲಿ ಮೀನು ಮಾಂಸ ಇಲ್ಲ, ತಿನ್ನೋರನ್ನ ಕೀಳಾಗಿ ನೋಡೋ ಅಭ್ಯಾಸನೂ ಇಲ್ಲ, ತಂಗಿ ಮಗಳು ಕೋಳಿ ಮೀನು ತಿಂತಾಳೆ, ಆದ್ರೆ ಅವಳಿಗೆ ಸೀಗಡಿ ಆಗಲ್ಲ, ತುಟಿ ಊದ್ಕೊಳ್ಳುತ್ತೆ, ಒಂದ್ಸಲ ಆಸ್ಪತ್ರೆಗೇ ಹೋಗಿ ಬಂದಿದಾಳೆ. ಹಾಗಾಗಿ ನಾವು ಕೂತ ಕೂಡಲೇ ಮೊದಲು ಕೇಳೋದೇ ಅದನ್ನ. ವೆಜ್ ಸೂಪ್ ಅಂತ ಬರೆದಿತ್ತು, ಪಕ್ಕದಲ್ಲಿ ಹಸಿರು ಚುಕ್ಕೆನೂ ಇತ್ತು, ಆದ್ರೂ ಮೂರು ಸಲ ಕೇಳಿದೆ, ಮೂರು ಸಲನೂ ಹೌದು ಮ್ಯಾಮ್ ವೆಜ್ ಅಂದ ಆ ಹುಡುಗ. ಅರ್ಧ ಬಟ್ಟಲು ಕುಡಿದಾಗಿತ್ತು. ಹುಡುಗಿ ಒಂದು ಚಮಚ ರುಚಿ ನೋಡಿ "ದೊಡ್ಡಮ್ಮ, ನಿಲ್ಲಿಸಿ" ಅಂದಳು. ಅಡುಗೆಯವರನ್ನ ಕರೆಸಿ ಕೇಳಿದ್ರೆ, ಸಾರಿನ ನೀರು ಒಣಮೀನು ಹಾಕಿ ಕುದಿಸಿದ್ದು, ಒಳಗೆ ಇರೋ ತುಂಡುಗಳು ಮಾತ್ರ ತರಕಾರಿ! ಆ ಹುಡುಗ ಸುಳ್ಳು ಹೇಳಿರಲಿಲ್ಲ, ಅವನಿಗೆ ತುಂಡು ಕಾಣದಿದ್ರೆ ವೆಜ್ ಅಂತ ಹೇಳ್ಕೊಟ್ಟಿದಾರೆ ಅಷ್ಟೆ. ಸೂಪಿನ ದುಡ್ಡು ಬಿಲ್ಲಿಂದ ತೆಗೆದ್ರು, ಕ್ಷಮೆನೂ ಕೇಳಿದ್ರು. ಆದ್ರೆ ಮ್ಯಾನೇಜರ್ ಹೋಗೋವಾಗ ಒಂದು ಮಾತು ಹೇಳಿದ್ರು, "ಏಷ್ಯನ್ ಫುಡ್ ಅಂದ್ರೆ ಹಾಗೇನೇ ಮ್ಯಾಮ್" ಅಂತ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಸೂಪಿಗಿಂತ ಜಾಸ್ತಿ ಆ ಮಾತು ಕೊರೀತಾ ಇತ್ತು.

ಅದು ಹಾಗೇನೇ ಅಲ್ಲ. ಈ ಎರಡು ವರ್ಷದಲ್ಲಿ ನಾನು ತಿಳ್ಕೊಂಡಿದ್ದನ್ನ ನಿಮ್ಮ ಓದುಗರಿಗೂ ಹೇಳ್ತೀನಿ, ಹೋಗೋರಿಗೆ ಉಪಯೋಗ ಆಗಲಿ. ಜಪಾನಿನ ಮಿಸೋ ಸೂಪಿಗೆ ಸಾಮಾನ್ಯವಾಗಿ ದಾಶಿ ಅನ್ನೋ ಸಾರಿನ ನೀರು ಹಾಕ್ತಾರೆ, ಅದು ಬೊನಿಟೊ ಅನ್ನೋ ಮೀನನ್ನ ಒಣಗಿಸಿ ಹೆರೆದು ಅದರಿಂದ ಮಾಡಿದ್ದು. ಆದ್ರೆ ಬರೀ ಕೊಂಬು ಅನ್ನೋ ಕಡಲ ಪಾಚಿ ಮತ್ತೆ ಒಣ ಶಿಟಾಕೆ ಅಣಬೆಯಿಂದಲೂ ದಾಶಿ ಮಾಡ್ತಾರೆ, ಜಪಾನಿನ ಬೌದ್ಧ ಸನ್ಯಾಸಿಗಳ ಮಠದ ಅಡುಗೆ ಇಡೀ ನಿಂತಿರೋದೇ ಅದರ ಮೇಲೆ. ಕೊರಿಯಾದ ಕಿಮ್ಚಿ ನೋಡೋಕೆ ಬರೀ ಎಲೆಕೋಸಿನ ಉಪ್ಪಿನಕಾಯಿ, ಆದ್ರೆ ಹುದುಗಿಸೋವಾಗ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಹಾಕೋದು ವಾಡಿಕೆ. ಅದೇ ಕೊರಿಯಾದ ಬೌದ್ಧ ದೇವಸ್ಥಾನಗಳಲ್ಲಿ ಮಾಡೋ ಕಿಮ್ಚಿಗೆ ಮೀನಿರಲಿ, ಬೆಳ್ಳುಳ್ಳಿ ಈರುಳ್ಳಿನೂ ಹಾಕಲ್ಲ, ನಮ್ಮ ಮಠದ ಊಟದ ಥರಾನೇ. ಥಾಯ್ ಗ್ರೀನ್ ಕರಿ ಮಸಾಲೆ ಅರೆಯೋವಾಗಲೇ ಸೀಗಡಿ ಪೇಸ್ಟ್ ಸೇರುತ್ತೆ, ಆಮೇಲೆ ಮೇಲೆ ಎಷ್ಟು ತರಕಾರಿ ಹಾಕಿದ್ರೂ ಏನು ಬಂತು. ವಿಯೆಟ್ನಾಮಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಎಷ್ಟೋ ಜನ ಸಸ್ಯಾಹಾರ ಮಾಡ್ತಾರೆ, ಅದಕ್ಕೆ ಚಾಯ್ ಅಂತ ಬೇರೆ ಹೆಸರೇ ಇದೆ. ಆಯ್ಸ್ಟರ್ ಸಾಸ್ ಅಂದ್ರೆ ಸಿಂಪಿದು, ಅದರ ಬದಲು ಅಣಬೆಯಿಂದ ಮಾಡಿದ ಸಾಸ್ ಅಂಗಡೀಲಿ ಸಿಗುತ್ತೆ. ಅಂದ್ರೆ ಆ ದೇಶಗಳಲ್ಲೇ ಇಂಥ ಅಡುಗೆಗೆ ನೂರಾರು ವರ್ಷದ ದಾರಿ ಇದೆ. ನಾವು ಕೇಳ್ತಿರೋದು ಅವರ ಅಡುಗೆ ಕೆಡಿಸಿ ಅಂತ ಅಲ್ಲ, ಎಲ್ಲವನ್ನೂ ವೆಜ್ ಮಾಡಿ ಅಂತಾನೂ ಅಲ್ಲ. ಮೀನು ಹಾಕಿದ್ರೆ ಹಾಕಿದೀವಿ ಅಂತ ಬರೀರಿ. ಅದನ್ನ ಬಿಟ್ಟು ಬೇರೆದು ತರಿಸ್ಕೊಳ್ಳೋಕೆ ನಮಗೆ ಬರುತ್ತೆ.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರೋ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ, ಅಲರ್ಜಿ ಮಾಹಿತಿ, ವೆಜ್ ನಾನ್‌ವೆಜ್ ಗುರುತು ಹಾಕಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಆದ್ರೆ ಈ ಹೊಸ ಜಾಗಗಳಲ್ಲಿ ಬಹಳಷ್ಟು ಒಂದೇ ಅಂಗಡಿ, ಎರಡೇ ಅಂಗಡಿ ಇರೋವು. ಹುಡುಗಿಗೆ ಆ ಸೂಪಿನಲ್ಲಿ ಒಣಮೀನಿನ ಬದಲು ಒಣಸೀಗಡಿ ಇದ್ದಿದ್ರೆ ಏನಾಗ್ತಿತ್ತು ಅಂತ ನಾನು ಯೋಚನೆ ಮಾಡೋಕೂ ಹೆದರ್ತೀನಿ. ನಿಯಮ ಎಲ್ಲರಿಗೂ ಒಂದೇ ಆಗಬೇಕು, ಅದರಲ್ಲೂ ಅಲರ್ಜಿ ವಿಷಯ. 2024ರ ಮಾರ್ಚಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋಹಾಗಿಲ್ಲ ಅಂತ ಸರ್ಕಾರ ಹೇಳಿದಾಗ ರಸ್ತೆ ಬದಿ ಗಾಡಿಯವರೆಲ್ಲ ಕೇಳಬೇಕಾಯ್ತಲ್ಲ, ದೊಡ್ಡ ರೆಸ್ಟೋರೆಂಟಿನವರಿಗೆ ಒಂದು ಸಾಲು ಬರೆಯೋಕೆ ಏನು ಕಷ್ಟ.

ಇನ್ನು ಕನ್ನಡದ ವಿಷಯ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದುಪಡಿ ಆಯ್ತು, ಬೋರ್ಡುಗಳು ಬದಲಾದವು, ಸಂತೋಷ. ಬಾಗಿಲು ದಾಟಿ ಒಳಗೆ ಹೋದ್ರೆ ಒಂದಕ್ಷರ ಕನ್ನಡ ಇಲ್ಲ. ಎಷ್ಟೋ ಕಡೆ ಮೆನು ಕಾರ್ಡೇ ಇಲ್ಲ, ಟೇಬಲ್ ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿರ್ತಾರೆ, ಮಂದ ಬೆಳಕಲ್ಲಿ ಫೋನ್ ಹಿಡಿದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕೊರಿಯಾ ಹೆಸರು ಓದಬೇಕು. ನಮ್ಮ ಜೊತೆ ಹುಡುಗಿ ಇರ್ತಾಳೆ, ಸರಿ. ನಮ್ಮ ಬೀದೀಲಿ ಬಟ್ಟೆ ಅಂಗಡಿ ಇಟ್ಟಿರೋ ನನ್ನ ಗೆಳತಿಗೆ ಇಂಗ್ಲಿಷ್ ಓದೋಕೆ ಬರಲ್ಲ, ದುಡ್ಡಿದೆ, ಆಸೆ ಇದೆ, ಮೊಮ್ಮಕ್ಕಳ ಫೋನಲ್ಲಿ ರಾಮೆನ್ ಅನ್ನೋ ಜಪಾನಿ ನೂಡಲ್ಸ್ ನೋಡಿ "ನನಗೂ ತಿನ್ನಬೇಕು ಕಣ್ರೀ" ಅಂತಾರೆ, ಆದ್ರೆ ಒಳಗೆ ಹೋಗೋಕೆ ಸಂಕೋಚ. ಅವರಿಗೆ ಅಲ್ಲಿ ಜಾಗ ಇಲ್ಲ ಅಂತ ಯಾರೂ ಹೇಳಿಲ್ಲ, ಆದ್ರೂ ಅವರಿಗೆ ಹಾಗೇ ಅನ್ಸುತ್ತೆ. ಒಂದು ಕಾಗದದಲ್ಲಿ ಕನ್ನಡದಲ್ಲಿ "ಅಕ್ಕಿ ನೂಡಲ್ಸ್, ತೆಂಗಿನಹಾಲು, ಕಳಲೆ, ಸೀಗಡಿ ಪೇಸ್ಟ್ ಇದೆ, ಖಾರ ಮಧ್ಯಮ" ಅಂತ ಬರೆದಿಟ್ರೆ ಸಾಕು. ಜಪಾನಿನವರು ಬಿಡದಿ ಟೊಯೊಟಾ ಕಾರ್ಖಾನೆ ಅಂತ ಈ ಕಡೆ ಬಂದಾಗಿನಿಂದ ಅವರಿಗೆ ಅಂತಲೇ ಜಪಾನಿ ಭಾಷೇಲಿ ಮೆನು ಇಟ್ಟಿರೋ ಜಾಗಗಳನ್ನ ನಾನೇ ನೋಡಿದೀನಿ, ಅದು ಒಳ್ಳೇದೇ, ಅವರು ನಮ್ಮ ಅತಿಥಿಗಳು. ಮನೆಯವರಿಗೂ ಒಂದು ಕಾಗದ ಇಡಿ.

ಇದರಲ್ಲಿ ಬಡಿಸೋ ಹುಡುಗ ಹುಡುಗೀರ ತಪ್ಪಿಲ್ಲ, ಅವರ ಮೇಲೆ ಯಾರೂ ಕೂಗಾಡಬೇಡಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ. ಬಹಳ ಜನ ಮಣಿಪುರ, ನಾಗಾಲ್ಯಾಂಡ್, ಡಾರ್ಜಿಲಿಂಗ್ ಕಡೆಯಿಂದ ಬಂದವರು, ಸಣ್ಣ ವಯಸ್ಸು. ಒಂದ್ಸಲ ಒಬ್ಬ ಮಣಿಪುರದ ಹುಡುಗಿಗೆ ಕಳಲೆ ತೋರಿಸಿ ಇದು ನಮ್ಮೂರಲ್ಲೂ ತಿಂತೀವಮ್ಮ ಅಂದೆ ನನ್ನ ಮುರುಕು ಹಿಂದೀಲಿ, ಅವಳ ಮುಖ ಅರಳಿಬಿಡ್ತು, ಅವರು ಹುದುಗಿಸಿ ಇಡ್ತಾರಂತೆ, ಸೋಯ್ಬುಮ್ ಅಂತಾರಂತೆ, ಅವರಜ್ಜಿ ಹೇಗೆ ಮಾಡ್ತಾರೆ ಅಂತ ನಿಂತ್ಕೊಂಡು ಹತ್ತು ನಿಮಿಷ ಹೇಳಿದ್ಲು. ಹೊರಡೋವಾಗ ಅವಳಿಗೆ ನಾನು ಕಳಲೆ ಅನ್ನೋ ಪದ ಹೇಳ್ಕೊಟ್ಟೆ, ಮುಂದಿನ ಸಲ ಹೋದಾಗ ನೆನಪಿಟ್ಕೊಂಡಿದ್ಲು. ಇಂಥ ಮಕ್ಕಳಿಗೆ ಮಾಲೀಕರು ಒಂದು ಗಂಟೆ ಕೂರಿಸಿ ಯಾವ ಪಾತ್ರೇಲಿ ಏನಿದೆ ಅಂತ ಹೇಳ್ಕೊಡಬೇಕು, ಹತ್ತು ಕನ್ನಡ ಮಾತು ಕಲಿಸಬೇಕು. ಮುಂಡಗೋಡದ ಆಯಮ್ಮ ತಮ್ಮ ದೇಶ ಬಿಟ್ಟು ಬಂದು ಕಾಡು ಕಡಿದು ಮನೆ ಕಟ್ಕೊಂಡು ಕನ್ನಡ ಕಲಿತಿದ್ರು, ಇವರಿಗೆ ಕಲಿಸೋರು ಇಲ್ಲ ಅಷ್ಟೆ.

ಕೆಫೆಗಳ ಬಗ್ಗೆನೂ ಒಂದು ಮಾತು. ಇನ್ನೂರೈವತ್ತು ರೂಪಾಯಿ ಕಾಫಿ ದುಬಾರಿ ಹೌದು, ನಾನೂ ದಿನಾ ಕುಡಿಯಲ್ಲ. ಆದ್ರೆ ಅಲ್ಲಿ ಚಿಕೋರಿ ಇಲ್ಲದೆ, ಹಾಲಿಲ್ಲದೆ, ತೋಟದ ಹೆಸರು ಹಾಕಿ ಕೊಡೋ ಕಾಫಿ ಕುಡಿದಾಗಲೇ ನನಗೆ ಗೊತ್ತಾಗಿದ್ದು ಕಾಫಿಗೆ ಹಣ್ಣಿನ ಹುಳಿ ಇರುತ್ತೆ ಅಂತ. ದೇಶದ ಕಾಫೀಲಿ ಹತ್ತಿರ ಹತ್ತಿರ ಶೇ 70 ಬೆಳೆಯೋದು ನಮ್ಮ ರಾಜ್ಯ, ಬಾಳೆಹೊನ್ನೂರಲ್ಲಿ 1925ರಿಂದ ಸಂಶೋಧನಾ ಕೇಂದ್ರ ಇದೆ, ಎಸ್ 795 ಅಂತ ಪೊಟ್ಟಣದ ಮೇಲೆ ಬರೆದಿರ್ತಾರಲ್ಲ ಆ ತಳಿ ಬಂದಿದ್ದೇ ಅಲ್ಲಿಂದ. ಒಂದು ಕೆಫೇಲಿ ಪೊಟ್ಟಣದ ಮೇಲೆ ಅತ್ತಿಕಾನ್ ಅಂತಿತ್ತು, ಇದು ಎಲ್ಲಿದು ಅಂತ ಕೇಳಿದ್ರೆ ಹೇಳೋರಿಲ್ಲ, ಅದು ನಮ್ಮ ಬಿಳಿಗಿರಿರಂಗನ ಬೆಟ್ಟದ ತೋಟ ಅಂತ ನಾನೇ ಹೇಳಿದೆ. ಆ ಪೊಟ್ಟಣದ ಮೇಲೆ ಬಿಳಿಗಿರಿರಂಗನ ಬೆಟ್ಟ ಅಂತ ಕನ್ನಡದಲ್ಲಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ನಮ್ಮ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿಗೂ ಹೋಗಿ, ಅಲ್ಲಿಂದ ಹೊಸ ಕೆಫೆಗೂ ಹೋಗಿ, ಎರಡೂ ಬದುಕಲಿ.

ಬಿಲ್ಲಿನ ವಿಷಯ ಚಿಕ್ಕದು. ಸರ್ವಿಸ್ ಚಾರ್ಜ್ ಅಂತ ಶೇ 10 ಸೇರಿಸಿ ಕೊಡ್ತಾರೆ, ಅದು ಕಡ್ಡಾಯ ಅಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿ ಹಿಡಿದಿದೆ. ತೆಗೀರಿ ಅಂತ ಕೇಳಿ, ನಾಚಿಕೆ ಬೇಡ. ನಾವು ತೆಗೆಸಿ ಅದೇ ದುಡ್ಡನ್ನ ಬಡಿಸಿದ ಮಗುವಿನ ಕೈಗೆ ಕೊಡ್ತೀವಿ.

ಸಂಪಾದಕರೇ, ನಿಮ್ಮ ಪುರವಣೀಲಿ ಹೊಸ ರೆಸ್ಟೋರೆಂಟುಗಳ ಬಗ್ಗೆ ಬರೀತೀರ, ನಾನು ಕತ್ತರಿಸಿ ಇಟ್ಕೊಳ್ತೀನಿ. ಒಳಾಂಗಣ ಹೇಗಿದೆ, ದೀಪ ಹೇಗಿದೆ, ಫೋಟೋ ಎಲ್ಲಿ ಚೆನ್ನಾಗಿ ಬರುತ್ತೆ ಅಂತೆಲ್ಲ ಇರುತ್ತೆ. ಇನ್ಮೇಲೆ ಕೊನೇಲಿ ನಾಲ್ಕು ಸಾಲು ಸೇರಿಸಿ: ವೆಜ್ ಅಂತ ಕೊಡೋ ಸೂಪಿನ ಸಾರಿನ ನೀರು ಯಾವುದು, ಸೀಗಡಿ ಕಡಲೆಕಾಯಿ ಬಗ್ಗೆ ಕೇಳಿದ್ರೆ ಸರಿಯಾಗಿ ಹೇಳ್ತಾರಾ, ಕನ್ನಡದಲ್ಲಿ ಮೆನು ಇದೆಯಾ, ವಯಸ್ಸಾದವರಿಗೆ ಮೆಟ್ಟಿಲು ಎಷ್ಟು. ನಿಮ್ಮ ವರದಿಗಾರರು ಕೇಳಿದ್ರೆ ಅವರು ಉತ್ತರ ಹುಡುಕ್ತಾರೆ, ನನ್ನಂಥವಳು ಕೇಳಿದ್ರೆ ಬರೀ ಸಾರಿ ಅಂತಾರೆ. ಮುಂದಿನ ಎರಡನೇ ಶನಿವಾರ ನಾವು ಒಂದು ಕೊರಿಯನ್ ಹೋಟೆಲಿಗೆ ಹೋಗೋದು ಅಂತ ಆಗಿದೆ, ಈ ಸಲ ಬಟ್ಟೆ ಅಂಗಡಿ ಗೆಳತಿನೂ ಬರ್ತಿದಾರೆ. ಕಿಮ್ಚಿಗೆ ಏನೇನು ಹಾಕಿದಾರೆ ಅಂತ ಹುಡುಗಿ ಆಗಲೇ ಫೋನ್ ಮಾಡಿ ಕೇಳಿದಾಳೆ, ಅಡುಗೆಮನೇಲಿ ವಿಚಾರಿಸಿ ತಿಳಿಸ್ತೀವಿ ಅಂದಿದಾರೆ, ಕಾಯ್ತಿದೀವಿ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ,
ಹನುಮಂತನಗರ, ಬೆಂಗಳೂರು